ಮಣ್ಣು ನೋಡುವ ಶಂಕು

ಕೊಂಡ್ಲಹಳ್ಳಿಯಲ್ಲಿ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಚಿಕ್ಕೀರಪ್ಪ ಅಂಗಳದ ಕಲ್ಲಿಗೆ ನೀರು ಚಿಮುಕಿಸಿ, ಮರ ಕೆತ್ತುವ ಬಾಚಿ ಮಸೆಯುತ್ತಿದ್ದಾರೆ. ಹೆಬ್ಬೆರಳಲ್ಲಿ ಅಲಗು ಮುಟ್ಟಿ ನೋಡುತ್ತಾರೆ, ಮತ್ತೆ ಮಸೆಯುತ್ತಾರೆ. ಹೆಂಡತಿ ಪಾಪಕ್ಕ ನಿನ್ನೆಯ ಚಕ್ಕೆಗಳನ್ನು ಒಲೆಗೆ ಆಯುತ್ತಿದ್ದಾರೆ.

ಎಪ್ಪತ್ತೊಂದು ವರ್ಷದ ಚಿಕ್ಕೀರಪ್ಪ ಕುರಿಮಂದೆಯ ಬಲೆ ಬಿಗಿಯುವ ಜಾಲಿ ಗೂಟಗಳನ್ನು ಕೆತ್ತುತ್ತಾರೆ, ದಿನಕ್ಕೆ ಮೂವತ್ತು. ಆದರೆ ಸುತ್ತಲ ಹಳ್ಳಿಗಳು ಇವರನ್ನು ಬಲ್ಲದ್ದು ಶಂಕುವಿಗೆ. ಹೊಸ ಮನೆಯ ಪಾಯ ತೋಡುವ ಮೊದಲು ಈಶಾನ್ಯ ಮೂಲೆಯಲ್ಲಿ ಹೂಳುವ ಮರದ ಮೊನೆ ಅದು. ಶಂಕುಸ್ಥಾಪನೆ ಎಂದು ಕರೆಯೋಲೆಗಳಲ್ಲಿ ಅಚ್ಚಾಗುವುದು ಇದರ ಹೆಸರೇ, ಆದರೆ ಈಗೀಗ ಹೆಚ್ಚಿನ ಕಡೆ ಕಲ್ಲಿನ ಫಲಕ ನಿಲ್ಲಿಸಿ ಮುಗಿಸುತ್ತಾರೆ. ಒಂದು ಗೇಣು ನಾಲ್ಕು ಬೆರಳು ಉದ್ದ, ಮೇಲೆ ಅಂಗೈಯಗಲ ದುಂಡು, ಕೆಳಗೆ ಚೂಪು. ಹಾಲು ಸುರಿಯುವ ಅತ್ತಿಮರವೇ ಆಗಬೇಕು. ಒಮ್ಮೆ ಹೂತರೆ ಮನೆ ನಿಂತಿರುವ ತನಕ ಕೀಳುವಂತಿಲ್ಲ.

ಚಿಕ್ಕೀರಪ್ಪನವರ ಅಪ್ಪ ಅಂಗಳದಲ್ಲೂ ಒಂದು ಶಂಕು ನಿಲ್ಲಿಸಿ, ಅದರ ನೆರಳು ಅಳೆದು ಹೊತ್ತು ತಿಳಿದು ಕುರಿ ಬಿಡುತ್ತಿದ್ದರಂತೆ. ಏಳನೇ ತರಗತಿಯ ಮೊಮ್ಮಗಳು ಸ್ವಪ್ನ ಗಣಿತದ ಪುಸ್ತಕ ತಂದು, ಮೊನೆ ಮೇಲಾದ ಶಂಕುವಿನ ಚಿತ್ರ ತೋರಿಸಿದಾಗ ಚಿಕ್ಕೀರಪ್ಪ ಅದನ್ನು ಬಹಳ ಹೊತ್ತು ನೋಡಿದರು. "ಬುಕ್ಕಿನಾಗಿಂದು ಆಕಾಶ ನೋಡ್ತೈತೆ. ನಂದು ಮಣ್ಣು ನೋಡ್ತೈತೆ," ಎಂದರು.

ತಿಂಗಳಿಗೆ ಮೂರಾದರೂ ಶಂಕು ಕೆತ್ತುತ್ತಿದ್ದವರಿಗೆ ಆರು ತಿಂಗಳಿಂದ ಒಂದೂ ಕರೆ ಬಂದಿಲ್ಲ. ಇವರ ಶಂಕು ಹೂತು ಕಟ್ಟಿದ, ರಾಂಪುರದ ಓಂಕಾರಮೂರ್ತಿಯವರ ಹೊಸ ಮನೆಯ ಅಡುಗೆಕೋಣೆಯ ಗೋಡೆ ಆಗ ಬಿರುಕು ಬಿಟ್ಟಿತು. ಅದೇ ವಾರ ಅವರ ತಾಯಿ ಬಸವಲಿಂಗಮ್ಮ ಅಲ್ಲೇ ಜಾರಿ ಬಿದ್ದು ಸೊಂಟ ಮುರಿದುಕೊಂಡರು, ಇನ್ನೂ ಎದ್ದಿಲ್ಲ. ಚಿಕ್ಕೀರಪ್ಪ ಅತ್ತಿಯ ಬದಲು ಕುರಿಮಂದೆಯ ಜಾಲಿ ಗೂಟ ಕೊಟ್ಟಿದ್ದಾನೆ ಎಂಬ ಮಾತು ಊರೂರು ತಿರುಗಿತು.

"ಎರೆ ಮಣ್ಣು, ಬ್ಯಾಸ್ಗಿಗೆ ಬಿರಿತೈತೆ. ಅದು ಯಾರಿಗೆ ಬೇಕು?" ಎನ್ನುತ್ತಾರೆ ಪಾಪಕ್ಕ. ಗಂಡ ಟವೆಲ್ಲು ಹೆಗಲಿಗೆ ಹಾಕಿಕೊಳ್ಳುವುದನ್ನು ಕಂಡು ದನಿ ಏರಿಸುತ್ತಾರೆ: "ಮತ್ತೆ ರಾಂಪುರಕ್ಕೆ ಹೋಗ್ತೀಯಾ? ಬಾಗ್ಲಾಗೇ ನಿಲ್ಲಿಸ್ತಾರೆ, ನಾಚಿಕೆ ಇಲ್ಲೇನು ನಿಂಗೆ?"

ಅವರು ಬಾಚಿಯನ್ನೂ ಎತ್ತಿಕೊಂಡು ಬಸ್ ಹತ್ತುತ್ತಾರೆ.

ರಾಂಪುರದಲ್ಲಿ ಗಾರೆಯ ಬೋರಣ್ಣ ಬಿರುಕು ಬಿಟ್ಟ ಅದೇ ಗೋಡೆಗೆ ಹೊರಗಿನಿಂದ ಸಿಮೆಂಟು ಮೆತ್ತುತ್ತಿದ್ದಾನೆ. "ಏನ್ ಚಿಕ್ಕೀರಣ್ಣ, ಗೂಟ ವಾಪಸ್ ಒಯ್ಯಾಕೆ ಬಂದ್ಯಾ? ಕುರಿ ಬಿಚ್ಕೊಂಡಾವೇನು?"

ಚಿಕ್ಕೀರಪ್ಪ ನಗುವುದಿಲ್ಲ. ಮೆಟ್ಟಿಲ ಕೆಳಗೆ ಚಪ್ಪಲಿ ಬಿಟ್ಟು, ಜಗಲಿಯ ಕುರ್ಚಿಯಲ್ಲಿ ಕೂತ ಓಂಕಾರಮೂರ್ತಿಯವರಿಗೆ ಕೈ ಮುಗಿಯುತ್ತಾರೆ.

"ಶಂಕು ತೆಗೀರಿ ಅಂತ ಮತ್ತೆ ಕೇಳಿ ಇಕ್ಕಟ್ಟಿಗೆ ಸಿಗಿಸಬ್ಯಾಡಪ್ಪ. ಹೂತದ್ದನ್ನ ಕೀಳಬಾರ್ದು ಅಂತ ಹೇಳಿದೋನು ನೀನೇ," ಎನ್ನುತ್ತಾರೆ ಅವರು. ಒಳಗಿನಿಂದ ಬಸವಲಿಂಗಮ್ಮನವರ ನರಳಿಕೆ ಕೇಳುತ್ತದೆ.

"ಹೌದ್ರಿ, ನಾನೇ ಹೇಳಿದ್ದು. ಅವತ್ತು ಜಾಲೀನೂ ಕೆತ್ತಿದ್ದೆ, ಅತ್ತೀನೂ ಕೆತ್ತಿದ್ದೆ. ಕಣ್ಣು ಮಂಜಾಗ್ಯಾವೆ, ಮೂಗು ಮಂಜಾಗಿಲ್ಲ. ಅತ್ತಿ ಹಾಲಿನ ವಾಸ್ನೆ ನೋಡೇ ಕೊಟ್ಟೆ ಅಂತ ಆರು ತಿಂಗ್ಳಿಂದ ಎಲ್ರಿಗೂ ಹೇಳ್ತಿದ್ದೀನಿ." ದನಿ ತಗ್ಗುತ್ತದೆ. "ಈಗ ನನಗೇ ಅನುಮಾನ ಬಂದೈತೆ."

ಬೋರಣ್ಣನ ಕರಣೆ ನಿಲ್ಲುತ್ತದೆ. ಓಂಕಾರಮೂರ್ತಿ ಮೊಬೈಲ್ ಕೈಗೆತ್ತಿಕೊಂಡು ನೋಡತೊಡಗುತ್ತಾರೆ.

ಚಿಕ್ಕೀರಪ್ಪ ಬಾಚಿಯನ್ನು ಮೆಟ್ಟಿಲ ಮೇಲಿಡುತ್ತಾರೆ.

"ಜಾಲಿ ಇದ್ರೆ ಇದನ್ನ ಇಲ್ಲೇ ಬಿಟ್ಟು ಹೋಗ್ತೀನಿ. ಒಂದ್ಸಲ ಅಗೆದು ನೋಡಿ ಹೇಳ್ರಿ."