ತಿಮ್ಮೇಶನ ಮಾನಿಟರ್ ಹಾಕಿದ ಸಿಳ್ಳೆ

"ಗಾಜಿನ ಮೇಲೆ ಚಿತ್ರ ನಿಲ್ಸೋದ್ರಲ್ಲಿ ನನ್ನ ಮೀರ್ಸೋನು ಈ ತಾಲ್ಲೂಕಲ್ಲೇ ಹುಟ್ಟಿಲ್ಲ ಕಣಣ್ಣ" ಎಂದು ಕಿಬ್ಬನಹಳ್ಳಿಯ ಟಿ.ವಿ. ರಿಪೇರಿ ತಿಮ್ಮೇಶ ಹೇಳಿದರೆ ಎದುರು ಮಾತಾಡುವಂತಿರಲಿಲ್ಲ. ಸತ್ತುಹೋದ ಟಿ.ವಿ.ಗಳು ಅವನ ಚಪ್ಪಲಿ ಸದ್ದು ಕೇಳಿಯೇ ವಾರ್ತೆ ಓದಲು ಶುರುಮಾಡುತ್ತಿದ್ದವು. ನಾನು ಕಣ್ಣಾರೆ ಕಂಡವನು. ಅರ್ಧಕ್ಕಿಳಿಸಿ ನಂಬಿದರೂ ಸಾಕು.

ಎರಡು ಸಾವಿರದ ಮೂರರ ಮಾತು. ಅವನ ಹೆಂಡತಿ ವನಜಾಕ್ಷಿ ಮನೆಯ ಮುಂದಿನ ಕೋಣೆಯಲ್ಲಿ ಹೆಣ್ಣುಮಕ್ಕಳಿಗೆ ಕಂಪ್ಯೂಟರ್ ಕಲಿಸುತ್ತಿದ್ದಳು. ಇದ್ದದ್ದು ಒಂದೇ ಕಂಪ್ಯೂಟರ್, ಪೆಟ್ಟಿಗೆಯಂಥ ಒಂದೇ ಮಾನಿಟರ್. ಭಾನುವಾರ ಕ್ಲಾಸಿಲ್ಲದಾಗ ತಿಮ್ಮೇಶ ಅದರಲ್ಲಿ ಎಮ್ಯುಲೇಟರ್ ಎಂಬ ಪ್ರೋಗ್ರಾಂ ಹಾಕಿ, ಹಳೇ ವಿಡಿಯೋ ಗೇಮ್ ಆಡುತ್ತಿದ್ದ. ಆದರೆ ಚಿತ್ರ ಒಪ್ಪುತ್ತಿರಲಿಲ್ಲ. ಆ ಗೇಮ್ ಹುಟ್ಟಿದ್ದು ಟಿ.ವಿ.ಗಾಗಿ, ಇನ್ನೂರನಲವತ್ತು ಗೆರೆಗಳಲ್ಲಿ. ಮಾನಿಟರ್ ಅದನ್ನು ಎಳೆದು ಹಿಗ್ಗಿಸಿ ತೋರಿಸುತ್ತಿತ್ತು.

"ನೀರು ಬೆರೆಸಿದ ಹಾಲು ಇದ್ದಂಗೈತೆ. ಅಸಲಿ ಗೆರೇನೇ ಬರ್ಬೇಕು" ಎಂದವನೇ ಸೆಟ್ಟಿಂಗ್ ತಿದ್ದಿ, ವೇಗವಾಗಿ ಗೆರೆ ಎಳೆಯುವ ಮಾನಿಟರಿಗೆ ಟಿ.ವಿ.ಯ ನಿಧಾನದ ಓಟ ಕಟ್ಟಿದ; ಅದು ಆ ಮಾನಿಟರ್ ತಡೆಯುವ ಓಟವಲ್ಲ.

ಮಾನಿಟರ್ ಸಿಳ್ಳೆ ಹಾಕಿತು. ಅಷ್ಟು ದೂರದ ದಂಡಿನಶಿವರ ಊರಿನ ದನಗಳೂ ಕಿವಿ ನಿಮಿರಿಸಿದವಂತೆ. ಬೇರೆ ಸೀಮೆಯವನಾಗಿದ್ದರೆ ಪ್ಲಗ್ ಕೀಳುತ್ತಿದ್ದ. ನಮ್ಮವನು ಅಟ್ಟದ ಮೇಲಿನ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಗಡಗಡ ಎಂದರೆ ಕೊಬ್ಬರಿಯಾಯಿತು ಎನ್ನುವ ಮನೆತನದವನು. ಮಾನಿಟರಿಗೂ ಕಿವಿಯಿಟ್ಟು, "ಹದಕ್ಕೆ ಬತ್ತಾ ಐತೆ, ಇನ್ನೊಂದು ಗಳಿಗೆ" ಎಂದ. ಆ ಗಳಿಗೆಯಲ್ಲೇ ಹಿಂಬದಿಯ ಕಿಂಡಿಗಳಿಂದ ಹೊಗೆ ಎದ್ದಿತು.

"ಏನಾಯ್ತ್ರೀ?" ಎಂದು ವನಜಾಕ್ಷಿ ಓಡಿಬಂದಳು.

"ವೋಲ್ಟೇಜ್ ಜಾಸ್ತಿ ಬಂತು ಕಣೇ."

ನಮ್ಮ ಕಡೆ ಈ ಮಾತನ್ನು ಯಾರೂ ಅನುಮಾನಿಸುವುದಿಲ್ಲ. ಅವಳೂ ನಂಬಿದಳು. ನಂಬಿ ಸುಮ್ಮನಿರದೆ, ಮರುದಿನ ಕ್ಲಾಸಿನ ಹುಡುಗಿಯರನ್ನೆಲ್ಲ ಕಟ್ಟಿಕೊಂಡು, ಬಸ್ ನಿಲ್ಲುವಲ್ಲಿ ಟೀ ಕುಡಿಯುತ್ತಿದ್ದ ಲೈನ್‌ಮನ್ ಹನುಮಂತಯ್ಯನನ್ನು ಅಡ್ಡಗಟ್ಟಿದಳು.

"ನಿನ್ನೆ ನಾನು ಲೈನ್ ಮುಟ್ಟೇ ಇಲ್ಲ ಕಣಕ್ಕ."

"ಮುಟ್ದೇ ಇರೋದ್ಕೇ ಹಿಂಗಾಗಿರೋದು! ಈ ಮಕ್ಳಿಗೆ ಮುಂದಿನ್ ವಾರ ಪರೀಕ್ಷೆ. ನಿಮ್ ತಲೆ ಮೇಲೆ ಟೈಪ್ ಮಾಡ್ಸ್ಲಾ?"

ಬಸ್ಸಿಗೆ ಕಾದಿದ್ದವರೆಲ್ಲ ನಕ್ಕರು. ತಿಮ್ಮೇಶ ಟೀ ಅಂಗಡಿಯೊಳಗೆ ನನ್ನ ಪಕ್ಕದಲ್ಲೇ ಇದ್ದ. ಆರಡಿ ಆಳು ಬಿಸ್ಕತ್ತಿನ ಡಬ್ಬಿಯ ಹಿಂದೆ ಮರೆಯಾಗುವಷ್ಟು ಕುಗ್ಗಿದ.

"ನಂದೇ ತಪ್ಪೇನೋ, ನೋಡ್ತೀನಿ ಬುಡಕ್ಕ" ಎಂದು ಹನುಮಂತಯ್ಯ ಅರ್ಧ ಲೋಟ ಟೀ ಬಿಟ್ಟು, ಏಣಿ ಹೆಗಲಿಗೇರಿಸಿ, ಇಲ್ಲದ ದೋಷ ಹುಡುಕಲು ಹೊರಟ. ಅದನ್ನು ತಿಮ್ಮೇಶನಿಗೆ ನೋಡಲಾಗಲಿಲ್ಲ. ಈಚೆ ಬಂದ.

"ಏಣಿ ಇಳ್ಸಪ್ಪ. ಅದನ್ನ ಸುಟ್ಟೋನು ನಾನು. ಗೇಮ್ ಆಡಕ್ಕೋಗಿ."

ಮಾತು ಮುಗಿದರೂ ತಲೆ ಮೇಲೇಳಲಿಲ್ಲ. ವನಜಾಕ್ಷಿ ಹನುಮಂತಯ್ಯನಿಗೆ ಕೈಮುಗಿದು, ಗಂಡನತ್ತ ನೋಡದೆ ಹುಡುಗಿಯರನ್ನು ಕರೆದುಕೊಂಡು ಹೋದಳು. ಅಲ್ಲೇ ಎರಡು ಮಾತು ಬೈದಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು.

ಸಂಜೆ ಅವನು ತಿಪಟೂರಿನ ಗೆಳೆಯನೊಬ್ಬನ ಹಳೇ ಮಾನಿಟರನ್ನು ಎರವಲು ತಂದು, ಹೊಸ್ತಿಲ ಮೇಲಿಟ್ಟು, ಒಳಗೆ ಕಾಲಿಡದೆ ತೋಟದ ಹಿಂದಿನ ಹಾದಿ ಹಿಡಿದಿದ್ದ. ನಾನು ಅಡ್ಡ ಸಿಕ್ಕಿ ಕೆಣಕಿದೆ: "ಎಂಥ ದಡ್ಡನ್ಲಾ ನೀನು! ಹನುಮಂತಯ್ಯ ದಿನಾ ಬೈಸ್ಕಳೋನೇ. ಬಾಯಿ ಮುಚ್ಕೊಂಡಿದ್ದಿದ್ರೆ ಅವ್ಳು ಕೊನೇವರೆಗೂ ನಂಬ್ತಿದ್ಲು."

"ನಂಬ್ತಿದ್ಲು ಕಣಣ್ಣ," ಎಂದ ತಿಮ್ಮೇಶ ನೆಲ ನೋಡುತ್ತಲೇ. "ನಂಬಿ, 'ರೀ, ಇದನ್ನೂ ನೀವೇ ನೋಡ್ಕಳಿ' ಅಂತ ಈಗ ತಂದಿಟ್ಟ ಮಾನಿಟರ್ನೂ ನನ್ ಕೈಗೇ ಕೊಡ್ತಿದ್ಲು. ಆಗ ಮುಖ ಎಲ್ಲಿಟ್ಕಳ್ಳಿ, ನಿನ್ ಅಂಗಿ ಜೇಬ್ನಲ್ಲಾ?"