ಮಗ್ಗದ ಪಕ್ಕದ ಕೊಡ

ಸಿರುಮುಗೈಯ ನೇಕಾರ ಮೈಲ್‌ಸಾಮಿಗೆ ಸಾವಿರದ ಒಂಬೈನೂರ ಎಂಬತ್ತಾರರಲ್ಲಿ ಮೂತ್ರಪಿಂಡ ಕೈಕೊಟ್ಟಿತು. ಬಸ್ಸು ಹತ್ತಿ ಕೊಯಮತ್ತೂರಿಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬರುತ್ತಿದ್ದ. ದಿನಕ್ಕೆ ಒಂದೇ ಚೊಂಬು ನೀರು ಎಂದಿದ್ದರು ಡಾಕ್ಟರು. ಹೆಂಡತಿ ಪೆರಿಯನಾಯಕಿ ನೀರಿನ ಕೊಡವನ್ನು ಒಳಕೋಣೆಯಲ್ಲಿಟ್ಟು ಬೀಗ ಜಡಿದಳು. ತನಗೆ ಬಾಯಾರಿದರೆ ಹಿತ್ತಲಿಗೆ ಹೋಗಿ, ಅವನಿಗೆ ಕಾಣದಂತೆ ಕುಡಿದು ಬರುತ್ತಿದ್ದಳು.

ಮಗ್ಗದ ಮನೆಯಲ್ಲೇ ಹುಟ್ಟಿ ಬೆಳೆದವಳು ಒಂದನ್ನು ಮರೆತಿದ್ದಳು. ಒಂದು ಮಧ್ಯಾಹ್ನ ನೋಡಿದರೆ ಗಂಡನ ತುಟಿಯೆಲ್ಲ ಕೆಂಪು. ಮಗ್ಗದ ಪಕ್ಕ ಲಾಳಿಯ ನೂಲು ನೆನೆಹಾಕಿದ್ದ ನೀರಿನ ಬೋಗುಣಿ ಬರಿದಾಗಿತ್ತು. ಬಣ್ಣ ಬಿಟ್ಟ ಆ ನೀರನ್ನೇ ಅವನು ಕುಡಿದಿದ್ದ.

ಅವನು ತುಟಿ ಒರೆಸಿಕೊಂಡ.

"ನೀ ಕೋಣೆಗೆ ಪೂಟು ಹಾಕಿದ್ಮೇಲೆ ಬೇರೆ ಯೋಚನೆಯೇ ಇಲ್ಲ, ತಲೆ ತುಂಬಾ ತಣ್ಣೀರೇ. ಕೊಡ ತಂದು ಇಲ್ಲೇ ಇಡು. ಬೇಡ ಅನ್ನೋನು ನಾನಾಗಿರ್ಬೇಕು."

ಅವಳು ಹೆದರುತ್ತಲೇ ತಂದಿಟ್ಟಳು. ಅಂದಿನಿಂದ ಕೊಡ ಅವನ ಕೈಗೆಟಕುವಲ್ಲೇ ಇತ್ತು. ಬೆಳಿಗ್ಗೆ ತನ್ನ ಚೊಂಬನ್ನು ತಾನೇ ತುಂಬಿಕೊಂಡು, ಮೊಳ ನೆಯ್ದರೆ ಒಂದು ಗುಟುಕು ಎಂದು ಅವನು ಬದುಕಿರುವವರೆಗೂ ನಡೆಸಿದ. ಮೀರಿದ್ದನ್ನು ಅವಳು ಕಾಣಲಿಲ್ಲ.

ಆದರೆ ಕೊಡ ಬಂದ ಆ ಮಧ್ಯಾಹ್ನ, ಅದರಿಂದ ಮೊದಲ ಲೋಟ ಮೊಗೆದವನು ಅವನೇ. ಪೆರಿಯನಾಯಕಿ ತಡೆಯಲು ಕೈ ಚಾಚಿದಳು. ಅವನು ಲೋಟವನ್ನು ಅವಳ ಮುಂದೆ ಹಿಡಿದ.

"ಎಷ್ಟು ದಿನ ಹಿತ್ತಲಲ್ಲಿ ನಿಂತ್ಕೊಂಡು ಕುಡೀತೀಯ? ಇಲ್ಲಿ ಕೂತ್ಕೊಂಡು ಕುಡಿ."