ತಂಗಿ ಕೊಂಡ ಬಂಗಲೆ

ನೀವು ನಕ್ಕರೂ ಸರಿ, ಹೇಳಿಬಿಡುತ್ತೇನೆ. ಗಾಳಿ, ಮಾಟ ಎಂದು ಯಾರಾದರೂ ಶುರುಮಾಡಿದರೆ "ಸಾಕು ಸುಮ್ನಿರ್ರಿ" ಎಂದು ಬಾಯಿ ಮುಚ್ಚಿಸುತ್ತಿದ್ದವಳು ನಾನು. ಆ ಸಂಜೆಯ ನಂತರ ಹಾಗನ್ನಲು ನಾಲಗೆ ಏಳುವುದಿಲ್ಲ.

ಬಳ್ಳಾರಿಯ ಕಂಟೋನ್ಮೆಂಟಿನಲ್ಲಿ ಒಂದು ಹಳೆಯ ಬಂಗಲೆ ಇದೆ. ಯಾರೋ ಬಿಳಿ ದೊರೆ ಕಟ್ಟಿಸಿದ್ದಂತೆ. ಆಮೇಲೆ ಸಾಹುಕಾರರೊಬ್ಬರು ಅದರಲ್ಲಿ ಹತ್ತಿ ಮೂಟೆ ಒಟ್ಟಿದರು. ನನ್ನ ಕಾಲಕ್ಕೆ ಅದು ಹುಡುಗಿಯರ ಹಾಸ್ಟೆಲ್. ಕುರುಗೋಡಿನಿಂದ ಕಾಲೇಜಿಗೆ ಬಂದ ನಾನು ಮೂರು ವರ್ಷ ಅಲ್ಲೇ ಇದ್ದೆ. ದೊರೆಗಳು ಕುಣಿಯುತ್ತಿದ್ದರೆಂಬ ದೊಡ್ಡ ಹಾಲಿನಲ್ಲಿ ಹನ್ನೆರಡು ಮಂಚ, ನನ್ನದು ಕಿಟಕಿಯ ಪಕ್ಕ. ಮುಂದೊಂದು ದಿನ ಇದನ್ನು ಕೊಂಡೇ ಕೊಳ್ಳುತ್ತೇನೆ ಎಂದು ಗೆಳತಿಯರೆದುರು ಕೊಚ್ಚಿಕೊಂಡಿದ್ದೆ. ಆಮೇಲೇನು, ಮದುವೆಯಾಗಿ ಸಿರುಗುಪ್ಪ ಸೇರಿದೆ. ಕೊಂಡವಳು ನನ್ನ ತಂಗಿ, ಎಸ್ಸೆಸ್ಸೆಲ್ಸಿಯನ್ನೇ ಎರಡು ಸಲ ಕಟ್ಟಿದವಳು! ಅದನ್ನು ಫಂಕ್ಷನ್ ಹಾಲ್ ಮಾಡಿದಳು. ನನ್ನ ಮಂಚವಿದ್ದ ಜಾಗದಲ್ಲಿ ಈಗ ಮದುಮಕ್ಕಳ ಸೋಫಾ.

ಹೊಟ್ಟೆ ಉರಿಯಿತು. ಸುಳ್ಳೇಕೆ ಹೇಳಲಿ, ಒಡಹುಟ್ಟಿದವಳ ಮೇಲೇ ಉರಿಯಿತು. ಹಾಲ್ ಶುರುವಾದ ದಿನ ಬಂದವರೆಲ್ಲ ಹೊಗಳುತ್ತಿದ್ದರೆ ನಾನು ನಗುನಗುತ್ತಲೇ ಗೋಡೆಯಲ್ಲಿ ಬಿರುಕು ಹುಡುಕುತ್ತಿದ್ದೆ. ಇದು ನಡೆಯದೆ ಮುಚ್ಚಿಹೋಗಲಿ ಎಂದು ಮನಸ್ಸಿನಲ್ಲಿ ಅಂದುಕೊಂಡದ್ದೂ ಉಂಟು.

ಜನರೆಲ್ಲ ಹೋದ ಮೇಲೆ, ದೀಪ ಹಚ್ಚುವ ಹೊತ್ತಿಗೆ, ತಂಗಿ ನನ್ನ ಮುಂದೆ ಬಂದು ಕುಳಿತಳು. "ಅಕ್ಕಾ, ದಿಷ್ಟಿ ನೀನ ತೆಗಿ. ನಿನ್ನಷ್ಟು ನನ್ನ ಚಲೋ ಬಯಸಾರು ಯಾರದಾರ?"

ಉಪ್ಪು, ಒಣಮೆಣಸಿನಕಾಯಿ ಮುಷ್ಟಿಯಲ್ಲಿ ಹಿಡಿದು ಮೂರು ಸಲ ನಿವಾಳಿಸಿ, ಅವ್ವ ತಂದಿಟ್ಟ ಕೆಂಡಕ್ಕೆ ಹಾಕಿದೆ. ಚಟಚಟ ಸುಟ್ಟು ಕರಕಾಯಿತು. ಯಾರೂ ಕೆಮ್ಮಲಿಲ್ಲ. ದೃಷ್ಟಿ ಬಲವಾಗಿ ತಾಗಿದ್ದರೆ ಮೆಣಸಿನಕಾಯಿ ಘಾಟು ಬರುವುದಿಲ್ಲ ಎನ್ನುತ್ತಾರಲ್ಲ, ಅವ್ವ ಹೌಹಾರಿದಳು.

"ಅಯ್ಯೋ ಶಿವನೇ, ಘಾಟೇ ಇಲ್ಲಲ್ಲ! ಯಾವಾಕಿ ಕಣ್ಣು ಬಿತ್ತೋ ನನ್ನ ಮಗಳ ಮ್ಯಾಲೆ! ಆಕಿ ಕಣ್ಣಾಗ ಮಣ್ಣು ಬೀಳ್ಲಿ!"

ಅಷ್ಟರಲ್ಲಿ ನನಗೆ ಕೆಮ್ಮು ಹತ್ತಿತು. ನನಗೊಬ್ಬಳಿಗೇ. ಗಂಟಲೆಲ್ಲ ಉರಿ, ಕಣ್ಣಿಂದ ನೀರು ಸುರಿಯುತ್ತಿತ್ತು. ಕೆಂಡದ ಮೇಲೆ ಬಗ್ಗಿದ್ದ ಅವ್ವನಿಗೆ ಏನೂ ಇಲ್ಲ, ಎದುರಿಗೇ ಕುಳಿತಿದ್ದ ತಂಗಿಗೂ ಇಲ್ಲ. ನಿಮಗ್ಯಾರಿಗೂ ಘಾಟು ಬರುತ್ತಿಲ್ಲವೇ ಎಂದು ಕೇಳಲು ಹೋದರೆ ದನಿಯೇ ಹೊರಡಲಿಲ್ಲ.

ತಂಗಿ ಎದ್ದು ನನ್ನನ್ನು ತಬ್ಬಿಕೊಂಡಳು. "ನೋಡಬೇ ಅವ್ವಾ, ನನಗ ದಿಷ್ಟಿ ತಾಗಿದ್ದಕ್ಕ ಅಕ್ಕ ಎಷ್ಟು ಅಳಾಕತ್ತಾಳ!"

ಅದೇನಾಗಿತ್ತೋ ಇಂದಿಗೂ ನನಗೆ ತಿಳಿಯದು. ಗಾಳಿ ನನ್ನ ಕಡೆಗೆ ಬೀಸಿರಬೇಕು ಎಂದುಕೊಳ್ಳೋಣವೆಂದರೆ ಕಿಟಕಿಗಳೆಲ್ಲ ಮುಚ್ಚಿದ್ದವು. ತಂಗಿ ಈಗಲೂ ಬಂದವರಿಗೆಲ್ಲ ಅಕ್ಕನ ಆ ಕಣ್ಣೀರಿನ ಸಂಗತಿ ಹೇಳುತ್ತಾಳೆ. ನಾನು ಪಕ್ಕದಲ್ಲಿ ಕುಳಿತು ಕೇಳಿಸಿಕೊಳ್ಳುತ್ತೇನೆ.